ಪ್ಯಾಕೆಟ್ ಹಿಂದಿನ ನಂಬರ್‌ಗಳು: ಯಾವುದಕ್ಕೆ ಹೆದರಬೇಕಿಲ್ಲ, ಎಲ್ಲಿ ಹುಷಾರಾಗಿರಬೇಕು

ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿದರೆ 322, 471, 500, 503 ಅಂತ ನಂಬರ್‌ಗಳ ಸಾಲು ಕಾಣುತ್ತದೆ. ‘ಬರೀ ಕೆಮಿಕಲ್ಲು’ ಅಂತ ಎಷ್ಟೋ ಜನ ಪ್ಯಾಕೆಟ್ಟನ್ನು ವಾಪಸ್ ಇಡುತ್ತಾರೆ. ಅದೇ ಸಂಜೆ ರಸ್ತೆ ಮೂಲೆಯ ಗಾಡಿಯಲ್ಲಿ ಕೆಂಪಗೆ ಹೊಳೆಯುವ ಗೋಬಿ ಮಂಚೂರಿಯನ್ನು ಮಕ್ಕಳಿಗೆ ಕೊಡಿಸುತ್ತಾರೆ. ಆ ಗೋಬಿಯ ಮೇಲೆ ಯಾವ ನಂಬರೂ ಬರೆದಿರುವುದಿಲ್ಲ. ನಾನು ಹೇಳಲು ಹೊರಟಿರುವುದು ಇದನ್ನೇ. ಹೆಸರು ಬರೆದು, ಅಳೆದು ಹಾಕಿದ ಪದಾರ್ಥಕ್ಕಿಂತ, ಹೆಸರಿಲ್ಲದೆ ಕೈಗೆ ಬಂದಷ್ಟು ಸುರಿದ ಪದಾರ್ಥದ ಬಗ್ಗೆ ನಾವು ಜಾಸ್ತಿ ಯೋಚಿಸಬೇಕು. ಲೇಬಲ್ ಓದಲು ಕಲಿತರೆ ಎರಡನ್ನೂ ಬೇರೆ ಮಾಡಿ ನೋಡಬಹುದು.

ಮೊದಲು: ಪ್ಯಾಕೆಟ್ಟಿನಲ್ಲಿ ಎಲ್ಲಿ ನೋಡಬೇಕು

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಗುರುತು ಮತ್ತು ಅದರ ಜೊತೆಗಿನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಅದಿಲ್ಲದ ಪ್ಯಾಕೆಟ್ ಬೇಡವೇ ಬೇಡ. ಆಮೇಲೆ ‘ಇಂಗ್ರೀಡಿಯೆಂಟ್ಸ್’ ಪಟ್ಟಿಗೆ ಬನ್ನಿ. ತೂಕದಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರಬೇಕು ಅನ್ನುವುದು ಕಾನೂನು. ಹಾಗಾಗಿ ನಂಬರ್ ಇರುವ ಪದಾರ್ಥಗಳು ಸಾಮಾನ್ಯವಾಗಿ ಕೊನೆಯಲ್ಲಿರುತ್ತವೆ. ಸಕ್ಕರೆ ಮೊದಲ ಎರಡು ಮೂರು ಹೆಸರುಗಳಲ್ಲೇ ಕಂಡರೆ, ನನ್ನ ಲೆಕ್ಕದಲ್ಲಿ ಕೊನೆಯ ನಂಬರ್‌ಗಿಂತ ಅದೇ ದೊಡ್ಡ ವಿಷಯ. ಉಪ್ಪು, ಪಾಮ್ ಎಣ್ಣೆಗೂ ಈ ಮಾತು ಸಲ್ಲುತ್ತದೆ.

ನಂಬರ್ ಓದುವುದು ಹೇಗೆ

ಇವನ್ನು ಐಎನ್‌ಎಸ್ ನಂಬರ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆ ಸೇರಿ 1963ರಲ್ಲಿ ಕಟ್ಟಿದ ಕೋಡೆಕ್ಸ್ ಆಯೋಗದ ಪಟ್ಟಿ ಇದು. ಒಂದೇ ಪದಾರ್ಥಕ್ಕೆ ಭಾಷೆಗೊಂದು ಹೆಸರಿರುತ್ತದೆ, ನಂಬರ್ ಮಾತ್ರ ಎಲ್ಲ ಕಡೆ ಒಂದೇ. ಯುರೋಪಿನಿಂದ ಬಂದ ಪ್ಯಾಕೆಟ್ಟಿನಲ್ಲಿ ನಂಬರಿನ ಮುಂದೆ ‘ಇ’ ಇದ್ದರೆ, ಹೆಚ್ಚುಕಡಿಮೆ ಅದೇ ಪದಾರ್ಥ ಅಂದುಕೊಳ್ಳಿ.

100ರ ಸಾಲಿನಲ್ಲಿ ಬಣ್ಣಗಳು. 200ರ ಸಾಲಿನಲ್ಲಿ ಕೆಡದಂತೆ ಕಾಪಾಡುವವು. 300ರಲ್ಲಿ ಎಣ್ಣೆ ಕಮಟಾಗದಂತೆ ತಡೆಯುವವು, ಹುಳಿ ಕೊಡುವವು. 400ರಲ್ಲಿ ಮಂದ ಮಾಡುವವು, ಎಣ್ಣೆ ನೀರನ್ನು ಬೆರೆಸಿ ಹಿಡಿಯುವವು. 500ರಲ್ಲಿ ಸೋಡಾ ಜಾತಿಯವು, ಪುಡಿ ಗಂಟುಕಟ್ಟದಂತೆ ನೋಡಿಕೊಳ್ಳುವವು. 600ರಲ್ಲಿ ರುಚಿ ಏರಿಸುವವು. 900ರಲ್ಲಿ ಹೊಳಪು ಕೊಡುವ ಮೇಣ ಮತ್ತು ಸಕ್ಕರೆಯಲ್ಲದ ಸಿಹಿಗಳು. ಇಷ್ಟು ನೆನಪಿದ್ದರೆ ಅಂಗಡಿಯಲ್ಲಿ ನಿಂತೇ ಅರ್ಧ ಪ್ಯಾಕೆಟ್ ಓದಿಬಿಡಬಹುದು.

ಎಸೆನ್ಸ್‌ಗಳಿಗೆ ಮಾತ್ರ ಇಂಥ ನಂಬರ್ ಇರುವುದಿಲ್ಲ. ಅವು ನೈಸರ್ಗಿಕ, ನೇಚರ್ ಐಡೆಂಟಿಕಲ್, ಕೃತಕ ಅಂತ ಮೂರು ಬಗೆಯಲ್ಲಿ ಬರುತ್ತವೆ. ಎರಡನೆಯದು ಅಂದರೆ ಗಿಡದಲ್ಲಿ ಸಿಗುವ ಪರಿಮಳದ ವಸ್ತುವನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು. ವೆನಿಲ್ಲಾ ನೋಡಿ. ಮಲೆನಾಡಿನಲ್ಲೂ ಕೊಡಗಿನಲ್ಲೂ ಬೆಳೆದ ವೆನಿಲ್ಲಾ ಕೋಡಿನ ಪರಿಮಳಕ್ಕೆ ಮುಖ್ಯ ಕಾರಣ ವೆನಿಲಿನ್. ಅದನ್ನು 1874ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಕೋಡಿನಲ್ಲಿರುವ ವೆನಿಲಿನ್ನಿಗೂ ಇದಕ್ಕೂ ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೋಡಿನಲ್ಲಿ ಇನ್ನೂ ನೂರಾರು ಪರಿಮಳಗಳಿರುತ್ತವೆ, ಹಾಗಾಗಿ ರುಚಿ ಬೇರೆ. ಆದರೆ ರುಚಿ ಬೇರೆ ಅಂದಮಾತ್ರಕ್ಕೆ ಅಪಾಯ ಅಂತಲ್ಲ.

ಇವರನ್ನು ನೀವು ಆಗಲೇ ಬಲ್ಲಿರಿ

330 ಅಂದರೆ ಸಿಟ್ರಿಕ್ ಆಮ್ಲ, ಅಂಗಡಿಯ ನಿಂಬೆ ಉಪ್ಪು. 500ರಲ್ಲಿ ಬರುವುದು ಅಡುಗೆ ಸೋಡಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ನಮ್ಮ ಊರಿನ ಎಂಟಿಆರ್‌ನಲ್ಲಿ ಹುಟ್ಟಿದ್ದು ಅಂತ ಹೇಳುವ ರವೆ ಇಡ್ಲಿ ಇವತ್ತು ಮನೆಗಳಲ್ಲಿ ದಿಢೀರ್ ಉಬ್ಬುವುದು ಈ ಸೋಡಾದಿಂದಲೇ. 260 ಅಂದರೆ ವಿನೆಗರ್‌ನ ಹುಳಿ. 270 ಅಂದರೆ ಮೊಸರಿನ ಹುಳಿ. 300 ಅಂದರೆ ವಿಟಮಿನ್ ಸಿ. 100 ಅಂದರೆ ಅರಿಶಿನದ ಬಣ್ಣ.

412 ನೋಡಿ ಹೆದರುವವರಿಗೆ ಒಂದು ಮಾತು. ಅದು ಗೋರಿಕಾಯಿಯ ಬೀಜದಿಂದ ತೆಗೆದ ಅಂಟು. ಐಸ್‌ಕ್ರೀಮಿನಲ್ಲಿ ಮಂಜಿನ ಹರಳು ಕಟ್ಟದಂತೆ ಹಾಕುತ್ತಾರೆ. 414 ಕೂಡ ಮರದ ಅಂಟು, ಜಾಲಿ ಜಾತಿಯ ಮರದ್ದು. ಬಾಣಂತಿಯರಿಗೆ ಅಂಟಿನುಂಡೆ ಕಟ್ಟುವ ನಮಗೆ ಇದೇನೂ ಹೊಸದಲ್ಲ. ಡಬ್ಬಿಯ ಇಂಗಿನಲ್ಲೂ ಇದಿರುತ್ತದೆ. ಡಬ್ಬಿಯ ಇಂಗು ಶುದ್ಧ ಇಂಗಲ್ಲ, ಅಂಟು ಮತ್ತು ಹಿಟ್ಟು ಬೆರೆಸಿದ್ದು. ಹಿಟ್ಟು ಎಷ್ಟೋ ಸಲ ಗೋಧಿಯದಾಗಿರುತ್ತದೆ. ಗೋಧಿ ಆಗದವರು ಮನೆಯಲ್ಲಿದ್ದರೆ ಇಂಗಿನ ಡಬ್ಬಿಯನ್ನೂ ಓದಲೇಬೇಕು. ಸಾರಿನ ಒಗ್ಗರಣೆಯಲ್ಲಿ ಗೋಧಿ ಬರುತ್ತದೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ.

440 ಪೆಕ್ಟಿನ್, ಹಣ್ಣಿನ ಸಿಪ್ಪೆಯಲ್ಲಿರುವುದು, ಜಾಮ್ ಗಟ್ಟಿಯಾಗಲು ಬೇಕು. 406 ಅಗರ್, ಮನೆಯಲ್ಲಿ ಚೈನಾ ಗ್ರಾಸ್ ಅನ್ನುತ್ತೇವಲ್ಲ ಅದು. 322 ಲೆಸಿಥಿನ್, ಹೆಚ್ಚಾಗಿ ಸೋಯಾದ್ದು. 160ಸಿ ಮೆಣಸಿನಕಾಯಿಯ ಕೆಂಪು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದಲೂ ಈ ಬಣ್ಣ ತೆಗೆಯುತ್ತಾರೆ, ಅದು ಹೊರದೇಶಕ್ಕೂ ಹೋಗುತ್ತದೆ. 282 ಪ್ಯಾಕೆಟ್ ಬ್ರೆಡ್ಡಿಗೆ ಬೂಷ್ಟು ಬಾರದಂತೆ ತಡೆಯುವುದು. ಬೆಳಗ್ಗೆ ಸುಟ್ಟು ಸಂಜೆಗೆ ಖಾಲಿಯಾಗುವ ಅಯ್ಯಂಗಾರ್ ಬೇಕರಿ ಬ್ರೆಡ್ಡಿಗೆ ಅದರ ಅವಶ್ಯಕತೆ ಕಡಿಮೆ. ವಾರ ಇಡಬೇಕಾದ ಬ್ರೆಡ್ಡಿಗೆ ಬೇಕಾಗುತ್ತದೆ. ಬೂಷ್ಟು ಹಿಡಿದ ಬ್ರೆಡ್ ತಿನ್ನುವುದಕ್ಕಿಂತ ಇದು ವಾಸಿ.

‘ಸುರಕ್ಷಿತ’ ಅಂತ ನಿರ್ಧರಿಸುವುದು ಹೇಗೆ

ಎಲ್ಲ ಗೊಂದಲ ಬಿಡಿಸುವುದು ಈ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಒಂದು ಪದಾರ್ಥವನ್ನು ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡುತ್ತಾರೆ. ಯಾವ ಪ್ರಮಾಣದವರೆಗೆ ಏನೂ ತೊಂದರೆ ಕಾಣಲಿಲ್ಲವೋ ಅದನ್ನು ಗುರುತಿಸುತ್ತಾರೆ. ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಬಂದ ಉತ್ತರವೇ ಮನುಷ್ಯ ಜೀವನಪೂರ್ತಿ ದಿನಾ ತಿಂದರೂ ಪರವಾಗಿಲ್ಲ ಅನ್ನುವ ಪ್ರಮಾಣ. ದೇಹದ ತೂಕದ ಕೆಜಿಗೆ ಇಷ್ಟು ಮಿಲಿಗ್ರಾಂ ಅಂತ ಹೇಳುತ್ತಾರೆ. ಈ ಕೆಲಸಕ್ಕೆಂದೇ 1956ರಿಂದ ಒಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಇದೆ. ಅಮೆರಿಕದಲ್ಲಿ 1958ರ ಕಾನೂನು ಇನ್ನೊಂದು ದಾರಿ ಮಾಡಿತು. ವಿನೆಗರ್, ಅಡುಗೆ ಸೋಡಾ ಥರ ಬಹುಕಾಲ ಬಳಸಿ ಗೊತ್ತಿರುವವನ್ನು ‘ಸುರಕ್ಷಿತವೆಂದು ಒಪ್ಪಿಕೊಂಡವು’ ಅಂತ ಬೇರೆ ಪಟ್ಟಿಗೆ ಸೇರಿಸಿತು.

ಒಂದು ಲೆಕ್ಕ ಮಾಡೋಣ. ಸನ್‌ಸೆಟ್ ಯೆಲ್ಲೊ, ಅಂದರೆ 110, ಕಿತ್ತಳೆ ಬಣ್ಣ. ಇದರ ಮಿತಿ ದಿನಕ್ಕೆ ಕೆಜಿಗೆ 4 ಮಿಲಿಗ್ರಾಂ. 15 ಕೆಜಿ ತೂಕದ ಮಗುವಿಗೆ 60 ಮಿಲಿಗ್ರಾಂ ಆಯಿತು. ಒಂದು ಕೆಜಿ ಸಿಹಿಯಲ್ಲಿ 100 ಮಿಲಿಗ್ರಾಂ ಬಣ್ಣ ಇದೆ ಅಂದುಕೊಳ್ಳಿ. ಆ ಮಗು ದಿನಾ 600 ಗ್ರಾಂ ಸಿಹಿ ತಿಂದರೆ ಮಾತ್ರ ಮಿತಿ ಮುಟ್ಟುತ್ತದೆ. ಅಷ್ಟು ಸಿಹಿ ತಿಂದರೆ ಬಣ್ಣಕ್ಕಿಂತ ಮೊದಲು ಸಕ್ಕರೆಯೇ ತೊಂದರೆ ಕೊಡುತ್ತದೆ, ಅಲ್ವಾ? ಆದರೆ ಗಾಡಿಯಲ್ಲಿ, ಮದುವೆ ಅಡುಗೆಯಲ್ಲಿ, ನಮ್ಮ ಮನೆಯಲ್ಲೇ ಚಿಟಿಕೆ ಬಣ್ಣ ಹಾಕುವಾಗ ಅದು ಎಷ್ಟು ಮಿಲಿಗ್ರಾಂ ಅಂತ ಯಾರು ತೂಗಿದ್ದಾರೆ? ಇಲ್ಲಿ ಈ ಲೆಕ್ಕವೇ ನಿಲ್ಲುವುದಿಲ್ಲ.

ಈ ಪಟ್ಟಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತ 2016ರಲ್ಲಿ ತೆಗೆದುಹಾಕಿತು. ಬಿಳಿ ಬಣ್ಣದ 171ನ್ನು ಯುರೋಪ್ 2022ರಲ್ಲಿ ಬೇಡ ಅಂದಿತು. ಕೆಂಪು ಬಣ್ಣದ 127ಕ್ಕೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ರದ್ದು ಮಾಡಿತು. ಇದನ್ನು ನೋಡಿ ‘ಯಾವುದನ್ನೂ ನಂಬಬಾರದು’ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಸ ವಿಷಯ ಗೊತ್ತಾದಾಗ ಪಟ್ಟಿ ಬದಲಾಗುವುದೇ ಸರಿಯಾದ ಕ್ರಮ.

‘ನೈಸರ್ಗಿಕ’ ಅಂದಾಕ್ಷಣ ಸುರಕ್ಷಿತ ಅಂದುಕೊಳ್ಳುವುದೂ ತಪ್ಪು. ಜಾಯಿಕಾಯಿ ಒಂದು ಚಿಟಿಕೆ ಪಾಯಸಕ್ಕೆ ಚೆನ್ನ. ಅದನ್ನೇ ಚಮಚಗಟ್ಟಲೆ ತಿಂದರೆ ಭ್ರಮೆ, ವಾಂತಿ, ಎದೆಬಡಿತ ಎಲ್ಲ ಬರುತ್ತದೆ.

ಹೆಸರಿನಿಂದಲೇ ಕೆಟ್ಟವರಾದವರು

ಉಪ್ಪಿನ ಪ್ಯಾಕೆಟ್ಟಿನ 536 ಬಗ್ಗೆ ವಾಟ್ಸಾಪಿನಲ್ಲಿ ಆಗಾಗ ಸಂದೇಶ ಓಡಾಡುತ್ತದೆ. ಅದರ ಹೆಸರು ಪೊಟ್ಯಾಸಿಯಂ ಫೆರೋಸೈನೈಡ್. ಸೈನೈಡ್ ಅನ್ನುವ ಶಬ್ದ ಕೇಳಿದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ಇದರಲ್ಲಿ ಸೈನೈಡ್ ಕಬ್ಬಿಣದ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಹೊಟ್ಟೆಯಲ್ಲಿ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಹಾಕುವುದೂ ಕೆಜಿಗೆ ಕೆಲವೇ ಮಿಲಿಗ್ರಾಂ. ಬೆಂಗಳೂರಿನ ಮಳೆಗಾಲದಲ್ಲಿ ಉಪ್ಪು ನೀರೊಡೆದು ಗಂಟಾಗದೆ ಉದುರುದುರಾಗಿ ಇರಲು ಇಂಥವೇ ಕಾರಣ. ಇದಕ್ಕೆ ಹೆದರಿ ಅಯೋಡಿನ್ ಇಲ್ಲದ ಉಪ್ಪಿಗೆ ಹೋಗಬೇಡಿ. ಅದು ನಿಜವಾದ ನಷ್ಟ.

621 ಅಂದರೆ ಟೇಸ್ಟಿಂಗ್ ಪೌಡರ್, ಜನ ಅಜಿನೊಮೊಟೊ ಅನ್ನುತ್ತಾರೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಸಮುದ್ರದ ಪಾಚಿಯ ಸಾರಿನಲ್ಲಿ ಈ ರುಚಿಯ ಮೂಲವನ್ನು ಕಂಡುಹಿಡಿದರು. ಇದೇ ಗ್ಲುಟಮೇಟ್ ಹಣ್ಣಾದ ಟೊಮ್ಯಾಟೊದಲ್ಲೂ, ಚೀಸಿನಲ್ಲೂ ಇದೆ. 1968ರಲ್ಲಿ ಒಬ್ಬ ವೈದ್ಯರು ಪತ್ರಿಕೆಗೆ ಬರೆದ ಪತ್ರದಿಂದ ಇದರ ಮೇಲೆ ಅಪವಾದ ಶುರುವಾಯಿತು. ಯಾರಿಗೆ ಏನು ಕೊಟ್ಟಿದ್ದೇವೆ ಅಂತ ಗೊತ್ತಾಗದಂತೆ ನಡೆಸಿದ ಪರೀಕ್ಷೆಗಳಲ್ಲಿ ಊಟದ ಪ್ರಮಾಣದಲ್ಲಿ ಅದು ಸಾಬೀತಾಗಲಿಲ್ಲ. ದೊಡ್ಡ ಪ್ರಮಾಣವನ್ನು ಖಾಲಿ ಹೊಟ್ಟೆಗೆ ತೆಗೆದುಕೊಂಡಾಗ ಕೆಲವರಿಗೆ ತಲೆನೋವು, ಬಿಸಿ ಏರಿದಂತಾಗುವುದು ಉಂಟು. ನಿಮಗೆ ಹಾಗಾಗುತ್ತಿದ್ದರೆ ಬಿಟ್ಟುಬಿಡಿ. ಒಂದು ವರ್ಷದೊಳಗಿನ ಮಗುವಿಗೆ ಕೊಡಲೇಬೇಡಿ. ಬಿಪಿ ಇರುವವರು ಇದರಲ್ಲೂ ಸೋಡಿಯಂ ಇದೆ ಅನ್ನುವುದನ್ನು ಮರೆಯಬಾರದು. ತೂಕಕ್ಕೆ ತೂಕ ನೋಡಿದರೆ ಉಪ್ಪಿನ ಮೂರನೇ ಒಂದು ಭಾಗದಷ್ಟು.

211 ಸೋಡಿಯಂ ಬೆಂಜೋಯೇಟ್, ಸಾಸ್, ಉಪ್ಪಿನಕಾಯಿ, ಜ್ಯೂಸುಗಳಲ್ಲಿರುತ್ತದೆ. ಇದರ ಮೂಲವಾದ ಬೆಂಜೋಯಿಕ್ ಆಮ್ಲ ಚಕ್ಕೆಯಲ್ಲೂ ಸ್ವಲ್ಪ ಇದೆ. ಒಂದು ಎಚ್ಚರಿಕೆ ಇದೆ. 211 ಮತ್ತು 300 ಎರಡೂ ಇರುವ ಜ್ಯೂಸ್ ಬಾಟಲಿಯನ್ನು ಬಿಸಿಲಿಗೆ, ಕಾರಿನ ಸೀಟಿನ ಮೇಲೆ ಬಿಡಬೇಡಿ. ಬಿಸಿ ಬೆಳಕಿಗೆ ಎರಡೂ ಸೇರಿ ತೀರಾ ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಆಗಬಹುದು.

ಯಾರು ಯಾವುದನ್ನು ಹುಡುಕಿ ನೋಡಬೇಕು

ಅಸ್ತಮಾ ಇರುವವರು 220ರಿಂದ 228ರವರೆಗಿನ ಸಲ್ಫೈಟ್‌ಗಳನ್ನು ನೋಡಲೇಬೇಕು. ಬೆಂಗಳೂರಿನ ಧೂಳಿಗೆ, ಚಳಿಗೆ ಉಬ್ಬಸ ಬರುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಸಲ್ಫೈಟ್ ಕೆಲವರಿಗೆ ಅದೇ ಉಬ್ಬಸ ತರಿಸುತ್ತದೆ. ಹೊಂಬಣ್ಣದ ಒಣದ್ರಾಕ್ಷಿ, ಕಿತ್ತಳೆ ಬಣ್ಣದ ಒಣ ಆಪ್ರಿಕಾಟ್, ಸ್ಕ್ವಾಷ್, ವೈನ್, ಇವೆಲ್ಲದರಲ್ಲಿ ಇರಬಹುದು. ಕಂದು ಬಣ್ಣಕ್ಕೆ ತಿರುಗಿದ ಆಪ್ರಿಕಾಟ್ ನೋಡಲು ಚೆಂದ ಇಲ್ಲ, ಆದರೆ ಸಾಮಾನ್ಯವಾಗಿ ಸಲ್ಫೈಟ್ ಹಾಕದೆ ಒಣಗಿಸಿದ್ದು ಅದೇ. ಕೆಜಿಗೆ 10 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಪ್ಯಾಕೆಟ್ಟಿನ ಅಲರ್ಜಿ ಸಾಲಿನಲ್ಲಿ ಹೇಳಬೇಕು. ಬಿಡಿಯಾಗಿ ತೂಗಿಕೊಡುವ ಅಂಗಡಿಯಲ್ಲಿ ಆ ಸಾಲೇ ಇರುವುದಿಲ್ಲ. ಅಸ್ತಮಾ ಇರುವ ಮನೆಯವರು ಪ್ಯಾಕೆಟ್ಟಿನ ದ್ರಾಕ್ಷಿಯನ್ನೇ ತನ್ನಿ.

102 ಟಾರ್ಟ್ರಾಜೀನ್ ಕೆಲವರಿಗೆ ಮೈಮೇಲೆ ದದ್ದು ಏಳಿಸುತ್ತದೆ. 102, 110, 122, 124 ಇರುವ ತಿಂಡಿಗಳ ಮೇಲೆ ಯುರೋಪಿನಲ್ಲಿ 2010ರಿಂದ ‘ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಬೀರಬಹುದು’ ಅಂತ ಬರೆಯಬೇಕು. ಮಕ್ಕಳಿಗೆ ದಿನಾ ಕೊಡುವ ಬಾದಾಮಿ ಹಾಲಿನ ಪುಡಿ, ಜೆಲ್ಲಿ, ಬಣ್ಣದ ಪಾನೀಯದಲ್ಲಿ ಇವನ್ನು ಹುಡುಕಿ. ಯಾವಾಗಲೋ ಒಮ್ಮೆ ದಿಲ್‌ಪಸಂದ್ ತಿಂದಾಗ ಟೂಟಿ ಫ್ರೂಟಿಯಲ್ಲಿ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

951 ಆಸ್ಪರ್ಟೇಮ್, ಶುಗರ್ ಫ್ರೀ ಗುಳಿಗೆಯಲ್ಲೂ ಡಯಟ್ ಪಾನೀಯದಲ್ಲೂ ಇರುವ ಸಿಹಿ. ಮಿತಿ ಕೆಜಿಗೆ 40 ಮಿಲಿಗ್ರಾಂ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ’ಯ ಗುಂಪಿಗೆ ಸೇರಿಸಿತು. ಅದೇ ತಿಂಗಳು ತಜ್ಞರ ಸಮಿತಿ ಮಿತಿಯನ್ನು ಬದಲಾಯಿಸುವ ಅಗತ್ಯ ಇಲ್ಲ ಅಂದಿತು. ಕಾಫಿಗೆ ಒಂದು ಗುಳಿಗೆ ಹಾಕುವ ಸಕ್ಕರೆ ಕಾಯಿಲೆಯವರು ಗಾಬರಿಯಾಗಬೇಕಿಲ್ಲ. ಫಿನೈಲ್‌ಕೀಟೋನೂರಿಯ ಅನ್ನುವ ಹುಟ್ಟು ತೊಂದರೆ ಇರುವವರು ಮಾತ್ರ ಮುಟ್ಟಲೇಬಾರದು. ಮಕ್ಕಳಿಗೂ ಸುಮ್ನೆ ಕೊಡಬೇಡಿ.

ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿದರೆ ಬಹುಪಾಲು ಸಾಕು. 471, 631 ಪ್ರಾಣಿಯಿಂದಲೂ ಬರಬಹುದು, ಹಸಿರು ಚುಕ್ಕೆ ಇದ್ದರೆ ಹಾಗಲ್ಲ ಅಂತ ಅರ್ಥ. 120 ಕೀಟದಿಂದ ತೆಗೆದ ಕೆಂಪು, ಅದಕ್ಕೆ ಹಸಿರು ಚುಕ್ಕೆ ಹಾಕುವಂತಿಲ್ಲ. ಆದರೆ 904, ಅಂದರೆ ಅರಗು, ಅರಗಿನ ಹುಳುವಿನದಾದರೂ ನಮ್ಮ ಕಾನೂನಿನಲ್ಲಿ ಮಾಂಸಾಹಾರದ ಲೆಕ್ಕಕ್ಕೆ ಬರುವುದಿಲ್ಲ. ಹೊಳೆಯುವ ಚಾಕಲೇಟ್ ಗೋಲಿಗಳ ಮೇಲೆ ಇರುತ್ತದೆ. ಹುಳುವಿನಿಂದ ಬಂದದ್ದೂ ಬೇಡ ಅನ್ನುವವರು ನಂಬರ್ ನೋಡಿಯೇ ತೆಗೆದುಕೊಳ್ಳಿ.

ಹೊರಗೆ ತಿನ್ನುವಾಗ

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬಾಂಬೆ ಮಿಠಾಯಿ ಮಾರುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಬೇಡ ಅಂದಿತು. ಗುಲಾಬಿ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮೈನ್ ಬಿ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಅದಕ್ಕೆ ಆಹಾರದಲ್ಲಿ ಯಾವ ಮಿತಿಯೂ ಇಲ್ಲ, ಯಾಕೆಂದರೆ ಅದು ಆಹಾರವೇ ಅಲ್ಲ. ಅನುಮತಿ ಇರುವ 102ಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ದಯವಿಟ್ಟು ಮಕ್ಕಳಿಗೂ ಹೇಳಿಕೊಡಿ.

ಕಡಲೆಕಾಯಿ ಪರಿಷೆಯಲ್ಲಿ ಮಗು ಮಿಠಾಯಿ ಬೇಕು ಅಂತ ಹಟ ಹಿಡಿದರೆ ಬಿಳಿಯದು ಕೊಡಿಸಿ. ವಿವಿ ಪುರಂನ ತಿಂಡಿ ಬೀದಿಯಲ್ಲಾಗಲಿ, ಮನೆ ಹತ್ತಿರದ ಗಾಡಿಯಲ್ಲಾಗಲಿ, ‘ಅಣ್ಣಾ, ಬಣ್ಣ ಹಾಕಿದೀರಾ?’ ಅಂತ ಕೇಳಲು ಸಂಕೋಚ ಬೇಡ. ಬ್ಯಾಡಗಿ ಪುಡಿ ಹಾಕಿದ ಗೋಬಿ ಕಂದುಗೆಂಪಾಗಿರುತ್ತದೆ. ತಟ್ಟೆಗೆ, ಬೆರಳಿಗೆ ಅಂಟಿ ತೊಳೆದರೂ ಹೋಗದ ಕಡುಕೆಂಪು ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಗಿರಾಕಿಗಳು ಕೆಂಪು ಕೇಳುವುದನ್ನು ನಿಲ್ಲಿಸಿದರೆ ಗಾಡಿಯವರಿಗೂ ಒಂದು ಖರ್ಚು ಉಳಿಯುತ್ತದೆ.

ಮನೆಯಲ್ಲಿ ಬಳಸುವಾಗ

ಕೇಸರಿಬಾತಿಗೆ ಹಾಕುವ ‘ಕೇಸರಿ ಪುಡಿ’ಯಲ್ಲಿ ಕೇಸರಿ ಇರುವುದಿಲ್ಲ. ಪ್ಯಾಕೆಟ್ ತಿರುಗಿಸಿ ನೋಡಿ, ಹೆಚ್ಚಾಗಿ 102, 110 ಇರುತ್ತದೆ. ನಾಲ್ಕು ಎಸಳು ನಿಜವಾದ ಕೇಸರಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಹಾಕಿ. ದುಬಾರಿ ಅನ್ನಿಸಿದರೆ ಒಂದು ಚಿಟಿಕೆ ಅರಿಶಿನ ಸಾಕು, ಅಥವಾ ಬಣ್ಣವಿಲ್ಲದೆ ತುಪ್ಪದಲ್ಲಿ ಹುರಿದ ರವೆಯ ಬಣ್ಣವೇ ಇರಲಿ.

ಸೋಡಾ ಜಾಸ್ತಿ ಆಗಬಾರದು. ಒಂದು ಲೋಟ ರವೆಗೆ ಕಾಲು ಟೀ ಚಮಚ ಸಾಕು. ಬೇಳೆ ಬೇಗ ಬೇಯಲಿ, ಸೊಪ್ಪು ಹಸಿರಾಗಿರಲಿ ಅಂತ ಸೋಡಾ ಹಾಕುವ ಅಭ್ಯಾಸ ಬಿಡಿ, ಅದು ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಎಸೆನ್ಸನ್ನು ಹನಿ ಲೆಕ್ಕದಲ್ಲಿ, ಒಲೆ ಆರಿಸಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಪರಿಮಳ ಆವಿಯಾಗಿ ಹೋಗುತ್ತದೆ, ಆಮೇಲೆ ಇನ್ನಷ್ಟು ಸುರಿಯುತ್ತೇವೆ.

ಸ್ಕ್ವಾಷ್ ಮಾಡುವವರಿಗೆ ಅಳತೆ ಮುಖ್ಯ. ನಿಂಬೆ, ಕಿತ್ತಳೆ, ಮಾವಿನಂಥ ತಿಳಿ ಬಣ್ಣದವಕ್ಕೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್), ಅಂದರೆ 224. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ, ನೇರಳೆಯಂಥವಕ್ಕೆ 211. ಕೆಎಂಎಸ್ ಹಾಕಿದರೆ ದ್ರಾಕ್ಷಿಯ ಬಣ್ಣ ಹೋಗಿಬಿಡುತ್ತದೆ. ಸಿದ್ಧವಾದ ಒಂದು ಲೀಟರ್ ಸ್ಕ್ವಾಷಿಗೆ ಕೆಎಂಎಸ್ ಆದರೆ 0.6 ಗ್ರಾಂ, 211 ಆದರೆ 0.7 ಗ್ರಾಂ. ಇಷ್ಟು ಸಣ್ಣ ತೂಕ ಮನೆಯ ತಕ್ಕಡಿಗೆ ಸಿಗುವುದಿಲ್ಲ. ಅದಕ್ಕೆ ಹೀಗೆ ಮಾಡಿ: 6 ಗ್ರಾಂ ಕೆಎಂಎಸ್ ಅಥವಾ 7 ಗ್ರಾಂ 211 ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿ ಮಾಡಿಕೊಳ್ಳಿ. ಅದರಲ್ಲಿ ಲೀಟರಿಗೆ 10 ಮಿಲಿ, ಔಷಧದ ಮುಚ್ಚಳದಲ್ಲಿ ಅಳೆದು, ಸ್ಕ್ವಾಷ್ ಪೂರ್ತಿ ತಣ್ಣಗಾದ ಮೇಲೆ ಬೆರೆಸಿ. ಉಳಿದ ನೀರನ್ನು ಇಟ್ಟುಕೊಳ್ಳಬೇಡಿ. ಕೆಎಂಎಸ್ ಡಬ್ಬಿ ತೆರೆಯುವಾಗ ಮುಖ ದೂರ ಇರಲಿ, ಅದರ ಘಾಟು ಕೆಮ್ಮು ಬರಿಸುತ್ತದೆ. ಅಸ್ತಮಾದವರಿರುವ ಮನೆಯಲ್ಲಿ ಕೆಎಂಎಸ್ ಬೇಡ, ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಅನುಮಾನ ಬಂದರೆ

ಒಂದು ಗಾಜಿನ ಲೋಟ ನೀರು ಸಾಕು. ಅರಿಶಿನ ಪುಡಿ ಉದುರಿಸಿ, ಕಲಕಬೇಡಿ. ಒಳ್ಳೆಯದು ತಳಕ್ಕೆ ಇಳಿದು ನೀರು ತೆಳು ಹಳದಿಯಾಗುತ್ತದೆ. ಬಣ್ಣ ಬೆರೆತಿದ್ದರೆ ನೀರೇ ಗಾಢ ಹಳದಿಯಾಗುತ್ತದೆ. ಖಾರದ ಪುಡಿ ಉದುರಿಸಿದಾಗ ಕೆಂಪು ಗೆರೆಗಳು ಸರ್ರನೆ ಕೆಳಗಿಳಿದರೆ ನೀರಿನಲ್ಲಿ ಕರಗುವ ಬಣ್ಣ ಇದೆ ಅಂತ ಅರ್ಥ. ಎಣ್ಣೆಯಲ್ಲಿ ಮಾತ್ರ ಕರಗುವ ಸುಡಾನ್ ಬಣ್ಣ ಹೀಗೆ ಸಿಕ್ಕಿಬೀಳುವುದಿಲ್ಲ. ಹಸಿರು ಬಟಾಣಿಯನ್ನು ಅರ್ಧ ಗಂಟೆ ನೆನೆಸಿ, ನೀರು ಹಸಿರಾದರೆ ಬಳಸಬೇಡಿ.

ದೂರು ಕೊಡಬೇಕಾದರೆ ಉಳಿದ ಪದಾರ್ಥ, ಪ್ಯಾಕೆಟ್, ಬಿಲ್ ಎತ್ತಿಡಿ. ಬ್ಯಾಚ್ ನಂಬರ್ ಕಾಣುವಂತೆ ಫೋಟೊ ತೆಗೆಯಿರಿ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಿನಲ್ಲಿ ಅಥವಾ 1800112100 ಉಚಿತ ಸಂಖ್ಯೆಯಲ್ಲಿ ಹೇಳಬಹುದು. ಲೈಸೆನ್ಸ್ ನಂಬರ್ ನಿಜವೋ ಸುಳ್ಳೋ ಅಂತಲೂ ಆ್ಯಪಿನಲ್ಲಿ ನೋಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೆ ಇದೆ. ಹಾಗೆ ಮಾಡಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಪದಾರ್ಥ ನಿಯಮಕ್ಕೆ ತಕ್ಕಂತಿಲ್ಲ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.